ಅರ್ಜುನ, ದ್ರೋಣ, ಏಕಲವ್ಯ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೂಟಗಳಲ್ಲಿ ಋತುವಿನ ಕೊನೆಗೆ ಶ್ರೇಷ್ಠ ಆಟಗಾರರನ್ನು ತರಬೇತುದಾರರೇ ಮತ ಹಾಕಿ ಆರಿಸುವುದುಂಟು. ಮನ್ನಣೆ ಯಾರಿಗೆ ಸಲ್ಲಬೇಕಿತ್ತೆಂಬ ವಾದವೂ ಅದರೊಡನೆ ಹುಟ್ಟುತ್ತದೆ. ಅವರ ಕಟ್ಟಳೆಯೊಂದು ನನಗೆ ಬಹಳ ಮೆಚ್ಚು: ಹಲವು ಕೂಟಗಳಲ್ಲಿ ತರಬೇತುದಾರನು ತನ್ನ ಶಿಷ್ಯನಿಗೆ ಮತ ಹಾಕುವಂತಿಲ್ಲ.

ನಮ್ಮ ದೇಶದಲ್ಲಿ ಆಟಗಾರರಿಗೆ 1961ರಿಂದ ಅರ್ಜುನ ಪ್ರಶಸ್ತಿ, ತರಬೇತುದಾರರಿಗೆ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ. ಕರ್ನಾಟಕ ಸರ್ಕಾರದ ಕ್ರೀಡಾ ಪ್ರಶಸ್ತಿಗೆ ಏಕಲವ್ಯನ ಹೆಸರು. ಮೂವರೂ ಒಂದೇ ಕಥೆಯವರು. ತನ್ನ ಶಿಷ್ಯನೇ ಅಗ್ರಗಣ್ಯನಾಗಬೇಕೆಂಬ ಗುರುವಿನ ಛಲಕ್ಕೆ ಅಲ್ಲಿ ಒಂದು ಹೆಬ್ಬೆರಳು ಬಲಿಯಾಯಿತು.

ಕೇಳುಗರೇ, ಕ್ಯಾತಗಾನಚೆರ್ಲಿನಂಥ ಊರಿನಲ್ಲಿ ಗುರುವಿಲ್ಲದೆ ಚೆಂಡು ಹಿಡಿದ ಹುಡುಗನ ಪರವಾಗಿ ಆಯ್ಕೆಯ ಸಭೆಯಲ್ಲಿ ಮಾತನಾಡುವವರು ಯಾರು? ತನ್ನವನನ್ನು ಬದಿಗಿಡಬೇಕೆಂಬ ಕಟ್ಟಳೆಯಿದ್ದರೆ ಹಿರಿಯರ ಕಣ್ಣು ಅವನತ್ತಲೂ ಹೊರಳೀತು. ಏಕಲವ್ಯನ ಹೆಸರಿನಲ್ಲಿ ಗೌರವಿಸುವ ನಾಡು ಅಷ್ಟನ್ನಾದರೂ ಮಾಡಬೇಕು.