ನಿಧಾನವಾದ ಫೋನಿಗೆ ಮರುಚೇತನ: ಬಿಸಾಡುವ ಮುನ್ನ ಮಾಡಬೇಕಾದ ಕೆಲಸಗಳು

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ರೈತರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕಣಕುಂಬಿಯ ಗುಡ್ಡಗಳಲ್ಲಿ ಹುಟ್ಟುವ ಮಲಪ್ರಭೆಯು ನವಿಲುತೀರ್ಥದಲ್ಲಿ ತಡೆದು ನಿಂತು, ಕಾಲುವೆಯಾಗಿ ನರಗುಂದದ ಎರೆಭೂಮಿಯನ್ನು ತಲುಪುತ್ತದೆ. ಗುಡ್ಡದಲ್ಲಿ ಕಾಡು ಉಳಿದರೆ ಬಯಲಿನ ಹೊಲಕ್ಕೆ ನೀರು ಉಳಿಯುತ್ತದೆ ಎಂಬುದನ್ನು ಈ ಭಾಗದ ಜನರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಗುಡ್ಡ ಮತ್ತು ಬಯಲುಗಳ ನಡುವೆ ಇಂತಹದೇ ಇನ್ನೊಂದು ನಂಟು ಇದೆ. ಅದು ಕಣ್ಣಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದು ಪ್ರತಿಯೊಬ್ಬರ ಜೇಬಿನಲ್ಲಿರುವ ಸ್ಮಾರ್ಟ್‌ಫೋನು. ಫೋನು ನಿಧಾನವಾಯಿತೆಂದು ಅದನ್ನು ಮೂಲೆಗೆಸೆದು ಹೊಸದನ್ನು ಕೊಳ್ಳುವ ಪ್ರತಿ ನಿರ್ಧಾರದ ಹಿಂದೆಯೂ ಎಲ್ಲೋ ಒಂದು ಗುಡ್ಡವನ್ನು ಅಗೆಯುವ ಕೆಲಸ ನಡೆದಿರುತ್ತದೆ.

ಫೋನು ಈಗ ಬೇಸಾಯದ ಉಪಕರಣ

ಹತ್ತು ವರ್ಷಗಳ ಹಿಂದೆ ಫೋನು ಮಾತಿಗೆ ಹಾಗೂ ಮನರಂಜನೆಗೆ ಮೀಸಲಾಗಿತ್ತು. ಇಂದು ಅದು ಕೂರಿಗೆ, ಕುಂಟೆಗಳ ಸಾಲಿಗೆ ಸೇರಿದೆ. ರಾಜ್ಯ ಸರ್ಕಾರವು 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ಸೇರಿಸುವ ಬೆಳೆ ಸಮೀಕ್ಷೆ ಆ್ಯಪ್ ಹೊರತಂದಿತು. ಹೆಸರು, ಕಡಲೆ, ಗೋವಿನಜೋಳ, ಉಳ್ಳಾಗಡ್ಡಿ, ಹತ್ತಿ ಯಾವುದೇ ಇರಲಿ, ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೇ ಪರಿಹಾರಕ್ಕೂ ಬೆಂಬಲ ಬೆಲೆಯ ಖರೀದಿಗೂ ಆಧಾರವಾಗುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಅಥವಾ ನೀರು ನಿಂತು ಆದ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಹವಾಮಾನದ ಸಲಹೆಗೆ 2019ರಲ್ಲಿ ಬಂದ ಮೇಘದೂತ, ಸಿಡಿಲಿನ ಮುನ್ಸೂಚನೆಗೆ ದಾಮಿನಿ, ಹೀಗೆ ಪಟ್ಟಿ ಬೆಳೆಯುತ್ತದೆ. ಬಯಲಿನಲ್ಲಿ ನಿಂತ ಕುರಿಗಾಹಿಗೆ ಸಿಡಿಲಿನ ಎಚ್ಚರಿಕೆಯು ಹತ್ತು ನಿಮಿಷ ತಡವಾಗಿ ತೆರೆದುಕೊಂಡರೆ ಅದರಿಂದ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ಶಾಲೆಗಳು ಮುಚ್ಚಿದ್ದ 2020ರಲ್ಲಿ, ಮಕ್ಕಳ ಪಾಠಕ್ಕಾಗಿ ಟಿ.ವಿ. ಕೊಳ್ಳಲು ನರಗುಂದ ತಾಲ್ಲೂಕಿನ ತಾಯಿಯೊಬ್ಬರು ತಮ್ಮ ತಾಳಿಯನ್ನೇ ಅಡವಿಟ್ಟ ಸುದ್ದಿ ನಾಡನ್ನೆಲ್ಲ ಕಲಕಿತ್ತು. ಒಂದು ಪರದೆಯ ಬೆಲೆ ಬಡವರ ಮನೆಯಲ್ಲಿ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಆದ್ದರಿಂದ, ಇರುವ ಫೋನನ್ನೇ ಇನ್ನೆರಡು ಮೂರು ವರ್ಷ ಚುರುಕಾಗಿ ದುಡಿಸಿಕೊಳ್ಳುವ ಉಪಾಯವು ಕೇವಲ ಯಂತ್ರಜ್ಞಾನದ ಮಾತಲ್ಲ. ಸಾಲದಿಂದ ಪಾರಾಗುವ ಮಾತೂ ಹೌದು.

ಹಗೇವು, ಕಣ ಮತ್ತು ಎತ್ತು

ಫೋನಿನ ಒಳಗನ್ನು ಅರಿಯಲು ರೈತನಿಗೆ ದೊಡ್ಡ ವಿದ್ಯೆ ಬೇಕಿಲ್ಲ. ಅದರಲ್ಲಿ ಮೂರು ಮುಖ್ಯ ಭಾಗಗಳಿವೆ. ಚಿತ್ರ, ವಿಡಿಯೊ, ಆ್ಯಪ್‌ಗಳು ಶಾಶ್ವತವಾಗಿ ಕೂಡಿಡಲ್ಪಡುವ ಸ್ಟೋರೇಜ್ ಎಂಬುದು ಹಗೇವು. ಸದ್ಯದ ಕೆಲಸಕ್ಕೆ ಬೇಕಾದುದನ್ನು ಹರಡಿಕೊಳ್ಳುವ ರ‍್ಯಾಮ್ ಎಂಬುದು ಕಣ. ಕೆಲಸ ಮಾಡುವ ಪ್ರೊಸೆಸರ್ ಎಂಬುದು ಎತ್ತು. ಹಗೇವು ತುಂಬಿ ತುಳುಕಿದರೆ ಹೊಸ ಕಾಳಿಗೆ ಜಾಗವಿಲ್ಲ. ಕಣ ಕಿರಿದಾದರೆ ರಾಶಿ ಮಾಡಲಾಗದು. ಎತ್ತು ಬಿಸಿಲಿಗೆ ಬಸವಳಿದರೆ ಹಂತಿ ನಿಲ್ಲುತ್ತದೆ. ಫೋನು ನಿಧಾನವಾಗುವುದು ಬಹುಮಟ್ಟಿಗೆ ಈ ಮೂರರಲ್ಲಿ ಒಂದು ಕಾರಣದಿಂದಲೇ.

ನಾಲ್ಕನೆಯದೊಂದು ಕಾರಣವಿದೆ, ಅದು ಫೋನಿನದಲ್ಲ, ನೆಟ್‌ವರ್ಕಿನದು. ಇವೆರಡನ್ನು ಬೇರ್ಪಡಿಸಿ ನೋಡುವುದು ಮೊದಲ ಹೆಜ್ಜೆ. ಇಂಟರ್ನೆಟ್ ಬಂದ್ ಮಾಡಿ ಕ್ಯಾಮೆರಾವನ್ನೂ ಹಳೆಯ ಚಿತ್ರಗಳನ್ನೂ ತೆರೆದು ನೋಡಬೇಕು. ಅವು ಥಟ್ಟನೆ ತೆರೆದುಕೊಂಡರೆ ಫೋನು ಆರೋಗ್ಯವಾಗಿದೆ, ದೋಷವಿರುವುದು ಸಿಗ್ನಲ್ಲಿನಲ್ಲಿ ಎಂದು ತಿಳಿಯಬೇಕು. ಗುಡ್ಡದ ಮರೆಯಲ್ಲಿರುವ ಊರುಗಳಲ್ಲಿ ಇದು ಸಾಮಾನ್ಯ. ಅಲ್ಲಿ ಎಷ್ಟು ದುಬಾರಿಯ ಹೊಸ ಫೋನು ತಂದರೂ ಗೋಪುರವೇ ಇಲ್ಲದ ಕಡೆ ವೇಗ ಬಾರದು.

ಮೊದಲು ಹಗೇವು ಖಾಲಿಯಾಗಲಿ

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿ ಹೋದರೆ ಎಷ್ಟು ತುಂಬಿದೆ ಎಂಬುದು ಕಾಣುತ್ತದೆ. ಶೇ. 10ಕ್ಕಿಂತ ಕಡಿಮೆ ಜಾಗ ಉಳಿದಾಗ ತೊಂದರೆ ಆರಂಭವಾಗಬಹುದೆಂದು ಆಂಡ್ರಾಯ್ಡ್ ರೂಪಿಸಿದ ಗೂಗಲ್ ಸಂಸ್ಥೆಯೇ ಹೇಳುತ್ತದೆ. ಐದರಲ್ಲಿ ಒಂದು ಪಾಲು ಖಾಲಿ ಇಟ್ಟರೆ ನೆಮ್ಮದಿ. ಇದರ ಕಾರಣವೂ ಸರಳ. ಫೋನಿನ ಸ್ಮೃತಿಕೋಶದಲ್ಲಿ ಹಳೆಯದನ್ನು ಅಳಿಸದೆ ಅದೇ ಜಾಗದಲ್ಲಿ ಹೊಸದನ್ನು ಬರೆಯಲಾಗದು. ಖಾಲಿ ಜಾಗ ತೀರಿದಾಗ ಫೋನು ಪ್ರತಿ ಸಣ್ಣ ಬರವಣಿಗೆಗೂ ಇದ್ದುದನ್ನು ಅತ್ತಿತ್ತ ಸರಿಸಿ ಜಾಗ ಮಾಡಬೇಕಾಗುತ್ತದೆ.

ಈ ಹಗೇವನ್ನು ತುಂಬಿಸುವುದು ಬಹುತೇಕ ವಾಟ್ಸ್ಆ್ಯಪ್. ಬೆಳಗಿನ ಶುಭೋದಯದ ಹೂವಿನ ಚಿತ್ರ, ಹಬ್ಬದ ಹಾರೈಕೆ, ಒಂದೇ ವಿಡಿಯೊ ಐದು ಗುಂಪುಗಳಿಂದ ಐದು ಬಾರಿ. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆಯ ಭಾಗವಿದೆ. ಅಲ್ಲಿ ದೊಡ್ಡ ಕಡತಗಳೂ ಪದೇ ಪದೇ ರವಾನೆಯಾದ ಕಡತಗಳೂ ಪ್ರತ್ಯೇಕವಾಗಿ ಕಾಣುತ್ತವೆ. ಬೇಡವಾದವನ್ನು ಒಟ್ಟಿಗೆ ಅಳಿಸಬಹುದು. ಅಲ್ಲಿಯೇ ಚಿತ್ರ, ವಿಡಿಯೊಗಳು ತಾವಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಹಗೇವು ಮತ್ತೆ ಬೇಗ ತುಂಬದು. ಅಳಿಸಿದ ಚಿತ್ರಗಳು ಹಲವು ಫೋನುಗಳಲ್ಲಿ ಕಸದ ಬುಟ್ಟಿಯಲ್ಲಿ ಸುಮಾರು ಒಂದು ತಿಂಗಳು ಉಳಿದಿರುತ್ತವೆ. ಅದನ್ನೂ ಬರಿದು ಮಾಡಬೇಕು.

ರೈತರ ಫೋನಿನಲ್ಲಿ ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಬೆಳೆ ಸಮೀಕ್ಷೆಯ ಆ್ಯಪ್ ಹಂಗಾಮಿನಿಂದ ಹಂಗಾಮಿಗೆ ಹೊಸದಾಗಿ ಬರುತ್ತದೆ. ಹಳೆಯ ಮುಂಗಾರು, ಹಿಂಗಾರುಗಳ ಆ್ಯಪ್‌ಗಳು ಹಾಗೆಯೇ ಉಳಿದುಕೊಂಡಿರುತ್ತವೆ. ಅವುಗಳ ಮಾಹಿತಿ ಕಳುಹಿಸಿಯಾಗಿದೆ ಎಂದು ಖಚಿತಪಡಿಸಿಕೊಂಡು ತೆಗೆದುಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತಿ ಆ್ಯಪ್‌ನ ಒಳಗೆ ‘ಕ್ಯಾಶ್ ಅಳಿಸು’ ಮತ್ತು ‘ಡೇಟಾ ಅಳಿಸು’ ಎಂಬ ಎರಡು ಆಯ್ಕೆಗಳಿರುತ್ತವೆ. ಕ್ಯಾಶ್ ಎಂಬುದು ಹೊಟ್ಟು. ಅದನ್ನು ತೂರಿದರೆ ನಷ್ಟವಿಲ್ಲ. ಡೇಟಾ ಎಂಬುದು ಕಾಳು. ಅದು ಹೋದರೆ ಇನ್ನೂ ಕಳುಹಿಸದೆ ಉಳಿದ ಸಮೀಕ್ಷೆಯ ಚಿತ್ರಗಳೂ ಲಾಗಿನ್ನೂ ಒಟ್ಟಿಗೆ ಹೋಗುತ್ತವೆ. ಹೊಟ್ಟು ತೂರುವ ಭರದಲ್ಲಿ ಕಾಳು ಹಾರಿಹೋಗದಂತೆ ನೋಡಿಕೊಳ್ಳಬೇಕು.

ಕಣವನ್ನು ಹಗುರಗೊಳಿಸುವುದು

ವಾರಕ್ಕೊಮ್ಮೆಯಾದರೂ ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚುವುದು ಅತ್ಯಂತ ಸುಲಭವಾದ ಚಿಕಿತ್ಸೆ. ಒಳಗೆ ಸಿಕ್ಕಿಕೊಂಡು ಕಣವನ್ನು ಆಕ್ರಮಿಸಿದ ಕೆಲಸಗಳೆಲ್ಲ ಅದರಿಂದ ತೆರವಾಗುತ್ತವೆ. ಫೋನಿನೊಂದಿಗೆ ಬಂದಿರುವ, ಯಾರೂ ಬಳಸದ ಆ್ಯಪ್‌ಗಳನ್ನು ತೆಗೆಯಲು ಬಾರದಿದ್ದರೆ ನಿಷ್ಕ್ರಿಯಗೊಳಿಸಬಹುದು. ಮುಖಪರದೆಯಲ್ಲಿ ಚಲಿಸುವ ಚಿತ್ರಗಳನ್ನು ಬಿಟ್ಟು ಸರಳ ಹಿನ್ನೆಲೆ ಇಟ್ಟರೆ ಸಣ್ಣ ಫೋನಿಗೆ ಅನುಕೂಲ. ಆ್ಯಪ್‌ಗಳ ನವೀಕರಣವು ವೈಫೈ ಇರುವಾಗ ಅಥವಾ ರಾತ್ರಿ ನಡೆಯಲಿ. ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆಯುವ ವೇಳೆಯಲ್ಲಿ ಹತ್ತು ಆ್ಯಪ್‌ಗಳು ಒಟ್ಟಿಗೆ ನವೀಕರಣಗೊಳ್ಳುವುದು ಬೇಡ.

ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಸರಿಸಿ ಮುಚ್ಚುತ್ತ ಕೂರುವ ಅಭ್ಯಾಸ ಹಲವರಲ್ಲಿದೆ. ಇದರಿಂದ ಲಾಭ ಕಡಿಮೆ. ಆಂಡ್ರಾಯ್ಡ್ ವ್ಯವಸ್ಥೆಯು ಜಾಗ ಬೇಕಾದಾಗ ತಾನೇ ಅವನ್ನು ತೆರವುಗೊಳಿಸುತ್ತದೆ; ಮುಚ್ಚಿದ್ದನ್ನು ಪುನಃ ಮೊದಲಿನಿಂದ ತೆರೆಯುವಾಗಲೇ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಗಂಟೆಗೊಮ್ಮೆ ಎತ್ತಿನ ನೊಗ ಬಿಚ್ಚಿ ಮತ್ತೆ ಹೂಡಿದಂತೆ ಇದು.

ವೇಗ ಹೆಚ್ಚಿಸುವೆವೆಂದು ಹೇಳಿಕೊಳ್ಳುವ ‘ಕ್ಲೀನರ್’, ‘ಬೂಸ್ಟರ್’ ಆ್ಯಪ್‌ಗಳಿಂದ ದೂರವಿರುವುದು ಕ್ಷೇಮ. ಅವು ತಾವೇ ಕಣದಲ್ಲಿ ಕುಳಿತು ಜಾಹೀರಾತು ತೋರಿಸುತ್ತವೆ, ಅನೇಕವು ಬಳಕೆದಾರರ ಮಾಹಿತಿಯನ್ನು ಕದಿಯುತ್ತವೆ. ಒಂದು ಕಾಲಕ್ಕೆ ಬಹುಜನಪ್ರಿಯವಾಗಿದ್ದ ಕ್ಲೀನ್ ಮಾಸ್ಟರ್, 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಭೂಮಿಯ ಸಾರ ಹೀರುವ ಔಷಧಿಯನ್ನು ಟಾನಿಕ್ ಎಂದು ಮಾರುವವರು ಕೃಷಿಯಲ್ಲಿ ಮಾತ್ರ ಇಲ್ಲ.

ಬಿಸಿಲು ಮತ್ತು ಬ್ಯಾಟರಿ

ಚೈತ್ರ, ವೈಶಾಖದ ಮಧ್ಯಾಹ್ನ ಎತ್ತನ್ನು ಯಾರೂ ಹೂಡುವುದಿಲ್ಲ. ಫೋನಿನ ಪ್ರೊಸೆಸರಿಗೂ ಅದೇ ಸ್ವಭಾವ. ಮೈ ಕಾದಾಗ ಸುಟ್ಟುಹೋಗದಿರಲೆಂದು ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ಇಟ್ಟ ಫೋನು, ದಿಂಬಿನ ಕೆಳಗೆ ಚಾರ್ಜಿಗೆ ಹಾಕಿದ ಫೋನು, ಚಾರ್ಜ್ ಆಗುತ್ತಿರುವಾಗಲೇ ಆಟಕ್ಕೆ ಬಳಕೆಯಾಗುವ ಫೋನು ನಿಧಾನವಾದರೆ ಅದು ರೋಗವಲ್ಲ, ಆತ್ಮರಕ್ಷಣೆ. ನೆರಳಿಗೆ ತಂದು, ದಪ್ಪನೆಯ ಕವಚ ತೆಗೆದು ಹತ್ತು ನಿಮಿಷ ಬಿಟ್ಟರೆ ಸಾಕು. ಫ್ರಿಜ್ಜಿನಲ್ಲಿ ಇಡಬಾರದು, ಒಳಗೆ ನೀರಿನ ಹನಿ ಕಟ್ಟುತ್ತದೆ.

ಬ್ಯಾಟರಿಯ ವಯಸ್ಸೂ ವೇಗಕ್ಕೆ ಸಂಬಂಧಿಸಿದೆ. ಹಳೆಯ ಬ್ಯಾಟರಿಗಳಿದ್ದ ಐಫೋನುಗಳು ಹಠಾತ್ತನೆ ಆರದಿರಲೆಂದು ಅವುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಿದ್ದಾಗಿ ಆಪಲ್ ಕಂಪನಿಯು 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ಇದನ್ನು ಸರಿಯಾಗಿ ತಿಳಿಸಲಿಲ್ಲವೆಂದು 2020ರಲ್ಲಿ ಫ್ರಾನ್ಸ್ ಆ ಕಂಪನಿಗೆ 2.5 ಕೋಟಿ ಯೂರೊ ದಂಡ ವಿಧಿಸಿತು. ಹೊಸ ಬ್ಯಾಟರಿ ಹಾಕಿಸಿದವರ ಫೋನುಗಳು ಮತ್ತೆ ಚುರುಕಾದವು. ಸಾವಿರಾರು ಜನ ಮಾತ್ರ ಆ ವೇಳೆಗೆ ಹೊಸ ಫೋನನ್ನೇ ಕೊಂಡಿದ್ದರು. ಈ ಪ್ರಕರಣದ ಪಾಠ ಸ್ಪಷ್ಟ. ಫೋನು ಹಳತಾಯಿತೆಂದು ತೀರ್ಮಾನಿಸುವ ಮುನ್ನ ಪೇಟೆಯ ದುರಸ್ತಿ ಅಂಗಡಿಯಲ್ಲಿ ಬ್ಯಾಟರಿಯನ್ನು ಪರೀಕ್ಷಿಸಬೇಕು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅಂದೇ ಬಳಕೆ ನಿಲ್ಲಿಸಬೇಕು. ಅದನ್ನು ಚುಚ್ಚಿದರೆ ಬೆಂಕಿ ಹತ್ತುತ್ತದೆ.

ಕೊನೆಯ ಮದ್ದು ಮತ್ತು ಅದರ ಮಿತಿ

ಇಷ್ಟೆಲ್ಲ ಮಾಡಿಯೂ ಫೋನು ತೆವಳುತ್ತಿದ್ದರೆ ಫ್ಯಾಕ್ಟರಿ ರೀಸೆಟ್ ಉಳಿದಿದೆ. ಇದು ಹೊಲವನ್ನು ಆಳವಾಗಿ ಉತ್ತು ಹೊಸದಾಗಿ ಬಿತ್ತಿದಂತೆ, ಒಳಗಿರುವುದೆಲ್ಲ ಅಳಿದುಹೋಗುತ್ತದೆ. ಆದ್ದರಿಂದ ಚಿತ್ರಗಳು, ಫೋನ್ ನಂಬರುಗಳು, ವಾಟ್ಸ್ಆ್ಯಪ್ ಸಂದೇಶಗಳು ಬೇರೆಡೆ ಪ್ರತಿಯಾಗಿರಬೇಕು, ಸಮೀಕ್ಷೆಯ ಮಾಹಿತಿ ಪೂರ್ತಿ ರವಾನೆಯಾಗಿರಬೇಕು. ಗೂಗಲ್ ಖಾತೆಯ ಪಾಸ್‌ವರ್ಡ್ ಕಾಗದದಲ್ಲಿ ಬರೆದಿಟ್ಟಿರಬೇಕು. ಅದು ಮರೆತುಹೋದರೆ ರೀಸೆಟ್ ಆದ ಫೋನು ಒಡೆಯನಿಗೇ ಬಾಗಿಲು ತೆರೆಯುವುದಿಲ್ಲ. ಬೇಸಾಯದ ಗಡಿಬಿಡಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಮಿತಿಯನ್ನೂ ಹೇಳಬೇಕು. ಕಂಪನಿಯು ಸುರಕ್ಷತಾ ನವೀಕರಣ ನಿಲ್ಲಿಸಿ ಹಲವು ವರ್ಷಗಳಾದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕರ. ಅಂತಹ ಫೋನು ಮಕ್ಕಳ ಪಾಠಕ್ಕೋ ರೇಡಿಯೊ ಕೇಳಲಿಕ್ಕೋ ಉಳಿಯಲಿ. ಹಣದ ವ್ಯವಹಾರ ಬೇರೆಡೆ ನಡೆಯಲಿ.

ಬಿಸಾಡಿದ ಫೋನಿನ ದಾರಿ

ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪಾದನೆಯಾಯಿತು. ಅದರಲ್ಲಿ ದಾಖಲೆಯಿರುವಂತೆ ಸಂಗ್ರಹಗೊಂಡು ಮರುಬಳಕೆಯಾದದ್ದು ಶೇ. 22.3 ಮಾತ್ರ. ಉಳಿದದ್ದು ತಿಪ್ಪೆ, ಹಳ್ಳ, ಒಲೆಗಳ ಪಾಲು. ಸೀಸ ಮೊದಲಾದ ಲೋಹಗಳು ಒಮ್ಮೆ ಎರೆಮಣ್ಣಿಗೆ ಸೇರಿದರೆ ಅದರ ಜಿಗುಟು ಕಣಗಳಿಗೆ ಅಂಟಿಕೊಂಡು ತಲೆಮಾರುಗಳ ಕಾಲ ಉಳಿಯುತ್ತವೆ. ಒಂದು ಫೋನು ತನ್ನ ಆಯುಷ್ಯದಲ್ಲಿ ಹೊರಹಾಕುವ ಇಂಗಾಲದ ಹೆಚ್ಚಿನ ಪಾಲು ಅದನ್ನು ಬಳಸುವಾಗ ಅಲ್ಲ, ತಯಾರಿಸುವಾಗಲೇ ಹೊರಬೀಳುತ್ತದೆ. ಗಜೇಂದ್ರಗಡದ ಗುಡ್ಡದ ಗಾಳಿಯಂತ್ರದ ವಿದ್ಯುತ್ತಿನಿಂದ ಚಾರ್ಜ್ ಮಾಡಿದರೂ ಆ ಲೆಕ್ಕ ಬದಲಾಗದು. ಹೆಚ್ಚು ವರ್ಷ ಬಳಸಿದರೆ ಮಾತ್ರ ಬದಲಾಗುತ್ತದೆ.

ಫೋನಿನ ಒಳಗಿನ ಕೋಬಾಲ್ಟ್‌ನ ಮೂಲ ಬಹುಪಾಲು ಆಫ್ರಿಕಾದ ಕಾಂಗೊ ದೇಶದ ಗಣಿಗಳು. ಅದರ ಸಂಪರ್ಕ ಬಿಂದುಗಳಿಗೆ ಲೇಪಿಸಿರುವುದು ಚಿನ್ನ. ಚಿನ್ನದ ಗಣಿ ಎಂದರೇನೆಂಬುದು ಗದಗ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. ಕಪ್ಪತಗುಡ್ಡದ ಚಿನ್ನಕ್ಕಾಗಿ ಗಣಿಗಾರಿಕೆಯ ಪ್ರಯತ್ನ ನಡೆದಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಬೀದಿಗಿಳಿದರು. ಕೈತಪ್ಪಿದ್ದ ಸಂರಕ್ಷಿತ ಸ್ಥಾನ 2017ರಲ್ಲಿ ಮರಳಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಒಂದು ಕಡೆ ಗುಡ್ಡದ ಚಿನ್ನ ಬೇಡವೆಂದು ಹೋರಾಡುತ್ತ, ಇನ್ನೊಂದು ಕಡೆ ಎರಡು ವರ್ಷಕ್ಕೊಂದು ಫೋನು ಬದಲಿಸಿದರೆ ಆ ಹೊರೆ ಹೆಸರೇ ಕೇಳದ ಯಾವುದೋ ಗುಡ್ಡದ ಮೇಲೆ ಬೀಳುತ್ತದೆ.

ಹೊಣೆ ಬಳಕೆದಾರರದು ಮಾತ್ರವಲ್ಲ

ಎಲ್ಲ ಭಾರವನ್ನೂ ಹಳ್ಳಿಯ ಬಳಕೆದಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಬ್ಯಾಟರಿಯನ್ನು ಅಂಟಿನಿಂದ ಬಿಗಿದು, ಬಿಡಿಭಾಗ ಸಿಗದಂತೆ ಮಾಡುವವರು ತಯಾರಕರು. 1980ರ ಜುಲೈನಲ್ಲಿ ನರಗುಂದದ ರೈತರು ‘ಬೆಟರ್‌ಮೆಂಟ್ ಲೆವಿ’ ಎಂಬ ಕರದ ವಿರುದ್ಧ ಎದ್ದು ನಿಂತಾಗ ಅವರ ಪ್ರಶ್ನೆ ಒಂದೇ ಆಗಿತ್ತು: ಕಾಣದ ಸುಧಾರಣೆಗೆ ಹಣ ಏಕೆ ಕೊಡಬೇಕು? ವರ್ಷಕ್ಕೊಂದು ‘ಸುಧಾರಿತ’ ಮಾದರಿಯನ್ನು ಮುಂದಿಡುವ ಕಂಪನಿಗಳಿಗೂ ಇದೇ ಪ್ರಶ್ನೆಯನ್ನು ಕೇಳುವ ಕಾಲ ಬಂದಿದೆ. ಯುರೋಪಿನ ಒಕ್ಕೂಟವು 2027ರ ಫೆಬ್ರುವರಿಯಿಂದ ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕೆಂಬ ನಿಯಮವನ್ನು 2023ರಲ್ಲಿ ರೂಪಿಸಿತು. ಭಾರತದಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿತು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಇಟ್ಟಿವೆ. ಇವು ಕಾಗದದಿಂದ ತಾಲ್ಲೂಕಿನ ಪೇಟೆಗೆ ಇಳಿಯಬೇಕಾದರೆ ಜನರ ಒತ್ತಾಯ ಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮುಂಗಾರು ಬಿತ್ತನೆ ಮುಗಿದು ಬೆಳೆ ಸಮೀಕ್ಷೆ ಆರಂಭವಾಗುವ ಮುನ್ನ, ಒಂದು ಭಾನುವಾರ ಊರಿನ ಶಾಲೆಯಲ್ಲಿ ಕುಳಿತು ಹಿರಿಯರ ಫೋನುಗಳ ಹಗೇವು ಖಾಲಿ ಮಾಡಿಕೊಡಲಿ. ಆದರೆ ಒಂದು ನಿಯಮವಿರಲಿ: ಫೋನಿನ ಒಡೆಯರು ಪಕ್ಕದಲ್ಲಿಯೇ ಕುಳಿತಿರಬೇಕು, ಅವರು ಹೂಂ ಎನ್ನದೆ ಒಂದು ಚಿತ್ರವನ್ನೂ ಅಳಿಸಬಾರದು. ತೀರಿಹೋದ ಮಗನ ಏಕೈಕ ಚಿತ್ರ ಆ ಫೋನಿನಲ್ಲಿಯೇ ಇರಬಹುದು. ಆಮೇಲೆ ಬ್ಯಾಟರಿ ಬದಲಿಸಬೇಕಾದ ಫೋನುಗಳನ್ನು ಒಟ್ಟುಗೂಡಿಸಿ ಅಂಗಡಿಗೆ ಒಯ್ದರೆ ಖರ್ಚೂ ಇಳಿಯಬಹುದು. ಪೂರ್ತಿ ಸತ್ತ ಫೋನುಗಳು ತಿಪ್ಪೆಗೆ ಬೀಳದೆ ಒಂದೆಡೆ ಕೂಡಿ, ಅಧಿಕೃತ ಸಂಗ್ರಹಕಾರರ ಕೈ ಸೇರಲಿ.

ಒಕ್ಕಲುತನದಲ್ಲಿ ಮುರಿದ ನೇಗಿಲನ್ನು ಬಡಿಗನಲ್ಲಿಗೆ, ಮೊಂಡಾದ ಕುಡವನ್ನು ಕಮ್ಮಾರನಲ್ಲಿಗೆ ಒಯ್ಯುವುದೇ ರೂಢಿ. ಹೊಸದನ್ನು ಕೊಳ್ಳುವ ವಿಚಾರ ಆಮೇಲಿನದು. ಆ ರೂಢಿ ಫೋನಿಗೂ ವಿಸ್ತರಿಸಲಿ.