ಕೀಲಿ ತಿರುಗಿಸಿ, ಕಿವಿಗೊಡಿ



ಬೆಳಗಿನ ಐದು ಗಂಟೆ. ಊರಿನಿಂದ ಬಂದಿದ್ದ ತಾಯಿಯವರನ್ನು ರೈಲಿಗೆ ಹತ್ತಿಸಬೇಕಿತ್ತು. ಚೀಲ, ಬುತ್ತಿ, ನೀರಿನ ಬಾಟಲಿ ಎಲ್ಲವೂ ಡಿಕ್ಕಿ ಸೇರಿದ್ದವು. ಕೀಲಿ ತಿರುಗಿಸಿದೆ. 'ಟಕ್' ಎಂದು ಒಂದೇ ಸದ್ದು. ಎಂಜಿನ್ ಮಿಸುಕಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಆಗ ಎರಡೇ ತಿಂಗಳಾಗಿತ್ತು. ಟ್ಯಾಕ್ಸಿ ಹಿಡಿದು ಓಡಿ, ರೈಲು ಹೊರಡಲು ಎರಡು ನಿಮಿಷವಿದ್ದಾಗ ತಾಯಿಯವರನ್ನು ಹತ್ತಿಸಿದೆ.

ಆಮೇಲೆ ಶುರುವಾಯಿತು ನೋಡಿ ಖರ್ಚು. ಒಬ್ಬ ಮೆಕ್ಯಾನಿಕ್ 'ಬ್ಯಾಟರಿ ಹೋಗಿದೆ' ಎಂದ, ಹೊಸದು ಹಾಕಿಸಿದೆ. ವಾರದೊಳಗೆ ಮತ್ತೆ ಅದೇ 'ಟಕ್'. ಇನ್ನೊಬ್ಬ 'ಸೆಲ್ಫ್ ಮೋಟಾರು ಕೆಟ್ಟಿದೆ' ಎಂದ. ಅದನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದ್ದಾಯಿತು. ಫಲ ಅಷ್ಟೇ. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು, ಎಂಜಿನ್ನಿಗೂ ಕಾರಿನ ಲೋಹದ ಮೈಗೂ ಜೋಡಿಸಿದ್ದ ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವರು ಬೇರೆ ಯಾವ ಭಾಗವನ್ನೂ ಮುಟ್ಟುವ ಮೊದಲು ನನ್ನನ್ನು ಕೇಳಿದ್ದು ಒಂದೇ ಮಾತು: "ಕೀಲಿ ತಿರುಗಿಸಿದಾಗ ಏನು ಸದ್ದು ಬರುತ್ತದೆ?"

ಇವತ್ತಿನ ನನ್ನ ಮಾತೂ ಅದೇ. ಹಳೆಯ ಕಾರು ಸ್ಟಾರ್ಟ್ ಆಗದಿದ್ದಾಗ ಮೊದಲು ಕಿವಿಗೊಡಿ, ನಂತರ ಪರೀಕ್ಷಿಸಿ, ಕೊನೆಗೆ ಜೇಬಿಗೆ ಕೈ ಹಾಕಿ.

ಎಲ್ಲ ತೊಂದರೆಗಳನ್ನೂ ಎರಡು ಗುಂಪು ಮಾಡಬಹುದು. ಒಂದು, ಎಂಜಿನ್ ತಿರುಗುವುದೇ ಇಲ್ಲ. ಎರಡು, ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ.

ಮೊದಲ ಗುಂಪಿಗೆ ಸುಲಭ ಪರೀಕ್ಷೆ ಹೆಡ್‌ಲೈಟು. ದೀಪ ಹಾಕಿ, ಮನೆಯವರೊಬ್ಬರನ್ನು ಮುಂದೆ ನಿಲ್ಲಿಸಿ, ಕೀಲಿ ತಿರುಗಿಸಿ. ದೀಪ ತೀರಾ ಮಂಕಾದರೆ ಅಥವಾ ಆರಿಯೇಹೋದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ ಅಥವಾ ಬಿಳಿ-ಹಸಿರು ಪುಡಿ ಕಟ್ಟಿದೆ. ದೀಪ ಮೊದಲಿನಂತೆಯೇ ಉರಿಯುತ್ತಾ 'ಟಕ್' ಎಂಬ ಸದ್ದು ಮಾತ್ರ ಬಂದರೆ ಬ್ಯಾಟರಿಯನ್ನು ದೂರಬೇಡಿ. ಸಂಶಯ ಸೆಲ್ಫ್ ಮೋಟಾರಿನ ಮೇಲೆ, ಅದಕ್ಕೆ ಹೋಗುವ ದಪ್ಪ ವೈರಿನ ಮೇಲೆ, ಇಲ್ಲವೇ ಅರ್ತ್ ವೈರಿನ ಮೇಲೆ. ನನ್ನ ಕಾರಿನಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅದರ ಅರ್ಥ ತಿಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ಅರ್ತ್ ವೈರನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಜಂಪರ್ ಕೇಬಲ್ಲಿನ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ತುದಿಯಿಂದ ನೇರವಾಗಿ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಕಚ್ಚಿಸಿ, ಬೆಲ್ಟು-ಫ್ಯಾನುಗಳಿಗೆ ತಾಗದಂತೆ ನೋಡಿಕೊಂಡು ಕೀಲಿ ತಿರುಗಿಸಿ. ಆಗ ಎಂಜಿನ್ ಚುರುಕಾಗಿ ತಿರುಗಿದರೆ ಕಳ್ಳ ಸಿಕ್ಕಿದ ಹಾಗೆಯೇ.

ಸಣ್ಣ ಮಲ್ಟಿಮೀಟರ್ ಒಂದು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12ರ ಆಸುಪಾಸಿಗೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಅಷ್ಟು ಏರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅದನ್ನು ಸರಿಪಡಿಸದೆ ಎಷ್ಟು ಬ್ಯಾಟರಿ ಬದಲಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇನ್ನು ಎರಡನೆಯ ಗುಂಪು. ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಆಗ ಕೊರತೆ ಪೆಟ್ರೋಲಿನದೋ ಕಿಡಿಯದೋ ಎಂದು ನೋಡಬೇಕು. ಎಂಪಿಎಫ್‌ಐ ಎಂಜಿನ್ನಿನ ಬಹುತೇಕ ಕಾರುಗಳಲ್ಲಿ ಕೀಲಿಯನ್ನು 'ಆನ್'ಗೆ ತಂದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು 'ಗುಂಯ್' ಎಂಬ ಸದ್ದು ಬರುತ್ತದೆ. ಅದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು. ಸದ್ದಿಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ, ಕೊನೆಗೆ ಪಂಪನ್ನು ನೋಡಿಸಿ. ಹಳೆಯ ಮಾರುತಿ 800ರಂಥ ಕಾರ್ಬೊರೇಟರ್ ಕಾರುಗಳಲ್ಲಿ ಈ ಸದ್ದು ಇರುವುದಿಲ್ಲ; ಅವುಗಳಲ್ಲಿ ಪಂಪನ್ನು ಎಂಜಿನ್ನೇ ನಡೆಸುತ್ತದೆ. ತಣ್ಣಗಿದ್ದಾಗ ಚೋಕ್ ಎಳೆಯಿರಿ, ಬಿಸಿಯಿದ್ದಾಗ ಬೇಡ. ಪೆಟ್ರೋಲಿನ ವಾಸನೆ ಜೋರಾಗಿದ್ದರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿದೆ ಎಂದರ್ಥ. ಬಾನೆಟ್ ಎತ್ತಿ, ಎಲ್ಲಿಯೂ ಸೋರುತ್ತಿಲ್ಲವೆಂದು ನೋಡಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಸೋರುತ್ತಿದ್ದರೆ ಕೀಲಿ ಮುಟ್ಟಲೇಬೇಡಿ.

ಮಳೆಗಾಲದಲ್ಲಿ ಮಾತ್ರ ಹಟ ಮಾಡುವ ಹಳೆಯ ಕಾರಾದರೆ ಕಿಡಿಯ ಮೇಲೆ ಸಂಶಯವಿರಲಿ. ಕೀಲಿ ತೆಗೆದು, ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನೂ ಪ್ಲಗ್ ವೈರುಗಳನ್ನೂ ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಪ್ಲಗ್ ಬಿಚ್ಚಿ ಕಿಡಿ ನೋಡುವ ಸಾಹಸ ಬೇಡ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಪೆಟ್ರೋಲಿನ ಆವಿ ಇರುತ್ತದೆ. ಅದು ಮೆಕ್ಯಾನಿಕ್ಕಿನ ಕೆಲಸ.

ಮತ್ತೊಂದು ಸದ್ದನ್ನು ಗುರುತಿಟ್ಟುಕೊಳ್ಳಿ. ಎಂಜಿನ್ ಎಂದಿಗಿಂತ ಹಗುರಾಗಿ, ಬೇಗ ಬೇಗ, ಒಂದೇ ಸಮನೆ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಕೂಡಲೇ ನಿಲ್ಲಿಸಿ. ಬೇರೆ ಸಂದರ್ಭದಲ್ಲೂ ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡುವು ಕೊಡಿ.

ನೀರು ಹೊಕ್ಕ ಕಾರಿಗಂತೂ ಕೀಲಿ ಹಾಕಲೇಬಾರದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಇಲ್ಲಿನವರಿಗೆ ಮರೆಯುವಂಥದ್ದಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಆಗ ಒಣಗಿಸಿ ಉಳಿಸಬಹುದಾಗಿದ್ದ ಎಂಜಿನ್ ಪೂರ್ತಿ ಬಿಚ್ಚುವ ಸ್ಥಿತಿಗೆ ಬರುತ್ತದೆ. ಅಂಥ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಬೇಕು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ಕಾರಿನ ರಬ್ಬರ್ ಪೈಪುಗಳು ಇದಕ್ಕೆಂದು ಮಾಡಿದವಲ್ಲ. ಸರ್ವಿಸ್ ಮಾಡಿಸುವಾಗ ಪೈಪು ಬಿರಿದಿದೆಯೇ, ಮೆತ್ತಗಾಗಿದೆಯೇ ಎಂದು ನೋಡಲು ಹೇಳಿ.

ಗ್ಯಾರೇಜಿನಲ್ಲಿ ಹೇಗೆ ಮಾತಾಡುತ್ತೇವೆ ಎಂಬುದೂ ಮುಖ್ಯ. 'ಬ್ಯಾಟರಿ ನೋಡಿ' ಎಂದರೆ ಬ್ಯಾಟರಿಯನ್ನೇ ನೋಡುತ್ತಾರೆ. ಅದರ ಬದಲು 'ಬೆಳಿಗ್ಗೆ ಸರಿ ಇರುತ್ತದೆ, ಒಂದು ಗಂಟೆ ಓಡಿಸಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ದೀಪ ಮಂಕಾಗುವುದಿಲ್ಲ' ಎಂದು ಲಕ್ಷಣ ಹೇಳಿ. ವೈದ್ಯರ ಮುಂದೆ ನಾವು ಮದ್ದಿನ ಹೆಸರು ಹೇಳುತ್ತೇವೆಯೇ, ನೋವು ಎಲ್ಲಿದೆ ಎಂದು ತಾನೇ ಹೇಳುವುದು? ಯಾವ ಭಾಗ ಬದಲಿಸಿದರೂ ಹಳೆಯದನ್ನು ಕೇಳಿ ಪಡೆಯಿರಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲಿರುವವರಿಗೆ ಒಂದು ಮಾತು. ಕಾರು ನೋಡಲು ಬೆಳಿಗ್ಗೆಯೇ ಹೋಗಿ. 'ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಎಂದು ಹಿಂದಿನ ದಿನವೇ ಹೇಳಿಡಿ. ಹೋದೊಡನೆ ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ಯಾಕೆಂದು ಕೇಳಿ. ತಣ್ಣಗಿನ ಎಂಜಿನ್ ಹೇಳುವ ನಿಜವನ್ನು ಬಿಸಿ ಎಂಜಿನ್ ಮುಚ್ಚಿಡುತ್ತದೆ. ನಾನು ಕಾರು ನೋಡಲು ಹೋದದ್ದು ಸಂಜೆ, ಅದೂ ಅವರು ಆಗಷ್ಟೇ ಓಡಿಸಿ ತಂದು ನಿಲ್ಲಿಸಿದ್ದಾಗ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕಾರಿನಲ್ಲೇ ಊರಿಗೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಹೊರಡುವ ವಾರದ ಮೊದಲೇ ಟರ್ಮಿನಲ್ ಉಜ್ಜಿಸಿ, ಅರ್ತ್ ವೈರ್ ಬಿಗಿ ಮಾಡಿಸಿ, ವೋಲ್ಟ್ ನೋಡಿಸಿ. ಅರ್ಧ ಗಂಟೆಯ ಕೆಲಸ. ಘಾಟಿಯ ನಡುವೆ, ಕತ್ತಲಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು 'ಟಕ್' ಎಂಬ ಆ ಒಂದು ಸದ್ದು ಕೇಳುವುದು ನಿಮಗೆ ಬಾರದಿರಲಿ.