ವಿನ್ಯಾಸ ವಿದ್ಯೆಯೂ ವಿದ್ಯಾಸಾಲವೂ



ಸಾಲವೆಂಬ ಮಾತು ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಕೆ ತೋಟವುಳ್ಳವರು ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುವುದು, ಫಸಲು ಬಂದ ಮೇಲೆ ತೀರಿಸುವುದು, ಮತ್ತೆ ತೆಗೆಯುವುದು ವಾಡಿಕೆ. ಆ ಲೆಕ್ಕ ಒಂದು ವರ್ಷದ್ದು. ಆದರೆ ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ "ನಾನು ಡಿಸೈನ್ ಓದುತ್ತೇನೆ" ಎಂದಾಗ ಎದುರಾಗುವ ಸಾಲ ಬೇರೆ ಬಗೆಯದು. ಹತ್ತು ಹದಿನೈದು ವರ್ಷ ಮನೆಯಲ್ಲೇ ಉಳಿಯುವಂಥದು. ಹಳದಿ ಎಲೆ ರೋಗದಿಂದ ತೋಟ ಸೊರಗಿದ ಮನೆಯಲ್ಲಿ ಈ ಮಾತು ಬಂದರೆ ತಂದೆತಾಯಿಗಳು ನಿದ್ದೆಗೆಡುವುದು ಸಹಜ.

ಡಿಸೈನ್ ಎಂದರೆ ಬರಿಯ ಚಿತ್ರ ಬರೆಯುವುದಲ್ಲವೆ, ಎಂದು ಹಿರಿಯರು ಕೇಳುತ್ತಾರೆ. ಅಲ್ಲ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೊಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿ ಬರೆದದ್ದು ನಮ್ಮ ಮನೆಮನೆಯ ಚೊಂಬನ್ನು! ಕೈಗೆ ಹಿಡಿತ, ಸೊಂಟಕ್ಕೆ ಆನಿಕೆ, ನೀರು ಸುರಿಯಲು ಅನುಕೂಲ, ಎಲ್ಲವನ್ನೂ ಯೋಚಿಸಿ ರೂಪ ಕೊಡುವುದೇ ವಿನ್ಯಾಸ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನಮ್ಮ ಅಡಕೆ ಹಾಳೆ ತಟ್ಟೆಯಾಗಿ ದೇಶಾಂತರ ಹೋಗುತ್ತಿರುವುದೂ ವಿನ್ಯಾಸದ ಕೆಲಸವೇ. ವಿದ್ಯೆ ಒಳ್ಳೆಯದು ಎಂಬುದರಲ್ಲಿ ಸಂಶಯವಿಲ್ಲ. ಪ್ರಶ್ನೆಯಿರುವುದು ಅದರ ಬೆಲೆಯಲ್ಲಿ.

ಈಗ ಒಂದು ಲೆಕ್ಕ ಹಾಕೋಣ. ಖಾಸಗಿ ಕಾಲೇಜೊಂದರ ನಾಲ್ಕು ವರ್ಷದ ಓದಿಗೆ ವರ್ಷಕ್ಕೆ 2.5 ಲಕ್ಷದಂತೆ 10 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಐದು ವರ್ಷದ ಸರಳ ಬಡ್ಡಿಯೇ 3.5 ಲಕ್ಷವಾಗಿ, ಸಾಲ 13.5 ಲಕ್ಷಕ್ಕೆ ಏರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,840 ರೂಪಾಯಿ. ಹದಿನೈದು ವರ್ಷಕ್ಕಾದರೆ ಸುಮಾರು 14,500. ಹುಡುಗನ ಮೊದಲ ಸಂಬಳ 25,000 ಎನ್ನಿ. ಬೆಂಗಳೂರಿನ ಬಾಡಿಗೆ, ಊಟ, ಬಸ್ಸಿಗೆ 15,000 ಹೋದರೆ ಉಳಿಯುವುದು 10,000. ಕೊರತೆಯನ್ನು ಕೊಪ್ಪದ ಮನೆಯೇ ತುಂಬಬೇಕು. ಏಕೆಂದರೆ ಸಾಲಪತ್ರಕ್ಕೆ ತಂದೆಯ ರುಜುವೂ ಬಿದ್ದಿರುತ್ತದೆ.

ಅದೇ ಓದು ಕಡಿಮೆ ಶುಲ್ಕದ ಕಡೆ ದೊರೆತು ವರ್ಷಕ್ಕೆ 1 ಲಕ್ಷ ಸಾಲ ಸಾಕಾದರೆ, ಹದಿನೈದು ವರ್ಷದ ಕಂತು ಸುಮಾರು 5,800. ಅದೇ ಸಂಬಳದಲ್ಲಿ ಇದನ್ನು ಹುಡುಗ ತಾನೇ ಕಟ್ಟಬಲ್ಲ. ಆದ್ದರಿಂದ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಂಥ ಕಡೆಯೂ ವಿಚಾರಿಸಬೇಕು.

ಅಡಕೆ ಸಸಿ ನೆಟ್ಟವನು ಐದಾರು ವರ್ಷ ಕಾಯುತ್ತಾನೆ. ಆಮೇಲೂ ಮೊದಲ ಗೊನೆಗಳು ಚಿಕ್ಕವು. ಅಲ್ಲಿಯವರೆಗೆ ನಡುವೆ ಬಾಳೆ ಹಾಕಿ ದಿನ ದೂಡುತ್ತಾನೆ. ವಿನ್ಯಾಸಗಾರನ ಸಂಪಾದನೆಯೂ ಹೀಗೆಯೇ. ಕೈ ಪಳಗಿದಂತೆ ಏರೀತು. ಆದರೆ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ. ಓದುವಾಗಲೂ ಆಮೇಲಿನ ಬಿಡುವಿನ ವರ್ಷದಲ್ಲೂ ಆಯಾ ವರ್ಷದ ಬಡ್ಡಿಯನ್ನಾದರೂ ಕಟ್ಟಿದರೆ ಮೇಲಿನ 13.5 ಲಕ್ಷ 10 ಲಕ್ಷದಲ್ಲೇ ನಿಲ್ಲುತ್ತದೆ. ಹತ್ತು ವರ್ಷದ ಕಂತು 13,215ಕ್ಕೆ ಇಳಿಯುತ್ತದೆ.

ಕಾಲೇಜಿನವರು ತಮ್ಮಲ್ಲಿ ಓದಿದವನೊಬ್ಬನಿಗೆ ಸಿಕ್ಕ ಅತಿ ದೊಡ್ಡ ಸಂಬಳವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ನೀವು ಕೇಳಬೇಕಾದದ್ದು ಬೇರೆ. ಸೇರಿದವರೆಷ್ಟು? ಕೆಲಸ ಸಿಕ್ಕವರೆಷ್ಟು? ಸಾಲಿನ ನಡುವೆ ನಿಂತವನ ಸಂಬಳವೆಷ್ಟು? ಮೂರು ವರ್ಷದ ಹಿಂದೆ ಹೊರಬಂದವರು ಈಗ ಎಲ್ಲಿದ್ದಾರೆ? ಉತ್ತರ ಹೇಳಲು ತಡವರಿಸಿದರೆ ಅದೂ ಒಂದು ಉತ್ತರವೇ.

ಸರ್ಕಾರದ ನೆರವೂ ಉಂಟು. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ಯೋಜನೆಯಿದೆ. ಅದರಡಿ ಸಾಲ ಕೊಟ್ಟರೆ ತೋಟದ ಪಹಣಿಯನ್ನು ಅಡವು ಕೇಳುವಂತಿಲ್ಲ. 2024ರಲ್ಲಿ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಬಂದಿದೆ. ಕುಟುಂಬದ ವಾರ್ಷಿಕ ವರಮಾನ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತಿನ ಬಿಡುವಿನ ಅವಧಿಯಲ್ಲಿ ಶೇಕಡ 3ರಷ್ಟು ಬಡ್ಡಿ ರಿಯಾಯಿತಿ ಕೊಡುವ ಯೋಜನೆಯಿದು. ಆದರೆ ಇದು ಪಟ್ಟಿಯಲ್ಲಿರುವ ಸಂಸ್ಥೆಗಳಿಗಷ್ಟೆ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಇದಿಲ್ಲ.

ಕೊನೆಯದಾಗಿ ಒಂದು ಮಾತು. ಮಗನಿಗಾದರೆ ಸಾಲ ಮಾಡೋಣ, ಮಗಳಿಗೆ ಬೇಡ, ಮದುವೆಗೆ ತೊಡಕಾದೀತು ಎಂಬ ವಾದ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಹಲವು ಬ್ಯಾಂಕುಗಳಲ್ಲಿ ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಕೊಂಚ ರಿಯಾಯಿತಿಯೂ ಉಂಟು. ಲೆಕ್ಕ ಇಬ್ಬರಿಗೂ ಒಂದೇ ಇರಲಿ. ಕೈಗುಣ ಯಾರಿಗಿದೆಯೋ ಅವರು ಓದಲಿ. ಅರ್ಜಿಗೆ ರುಜು ಹಾಕುವ ಮುನ್ನ ಒಂದು ಸಂಜೆ ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಸಂಬಳ, ಖರ್ಚು, ಕಂತು ಈ ಮೂರನ್ನೂ ಒಂದು ಹಾಳೆಯ ಮೇಲೆ ಬರೆಯಲಿ. ಖರ್ಚು ಕಳೆದು ಉಳಿದದ್ದರಲ್ಲಿ ಕಂತು ಅಡಗಿದರೆ ಧೈರ್ಯವಾಗಿ ಮುಂದುವರಿಯಬಹುದು. ಅಡಗದಿದ್ದರೆ ಬಿಡಬೇಕಾದದ್ದು ಆ ಕಾಲೇಜನ್ನು, ಆ ವಿದ್ಯೆಯನ್ನಲ್ಲ.